ನಮ್ಮ ಮನೆಯ ಖಡ್ಗ: ಒಂದು ತಿದ್ದುಪಡಿ

೧೯೭೯ನೆಯ ಇಸವಿಯಲ್ಲಿ ಇದೇ ಮಾಸಪತ್ರಿಕೆಯಲ್ಲಿ ನಾನೊಂದು ಲೇಖನವನ್ನು ಪ್ರಕಟಿಸಿದ್ದೆನು. ಹೊನ್ನಾವರದ ನಮ್ಮ ಮನೆಯ ದೇವರ ಕೋಣೆಯಲ್ಲಿರುವ ಹಳೆಯ ಖಡ್ಗವು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮನೆತನಕ್ಕೆ ಸೇರಿದುದೆಂದೂ, ಅದರ ಅಲಗಿನ ಮೇಲಿನ ಅಕ್ಷರಗಳು ಹಳಗನ್ನಡದವೆಂದೂ, ಅದರ ಬಾಯಿಯಲ್ಲಿದ್ದ ಕಚ್ಚುಗಳು ಪೋರ್ತುಗೀಜರ ಕಬ್ಬಿಣದ ಟೊಪ್ಪಿಗೆಗಳ ಮೇಲೆ ಬಿದ್ದ ಏಟುಗಳ ಗುರುತುಗಳೆಂದೂ ಅದರಲ್ಲಿ ಪ್ರತಿಪಾದಿಸಿದ್ದೆನು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಲೇಖನವನ್ನು ಹಲವರು ಮೆಚ್ಚಿಕೊಂಡರು. ಸುತ್ತಲಿನ ಶಾಲೆಗಳ ಮಾಸ್ತರರು ಮಕ್ಕಳನ್ನು ಕರೆತಂದು ಖಡ್ಗವನ್ನು ತೋರಿಸಿಕೊಂಡು ಹೋದದ್ದೂ ಉಂಟು. ಆ ಲೇಖನದಲ್ಲಿ ನಾನು ಹೇಳಿದ ಮೂರು ಮಾತುಗಳಲ್ಲಿ ಒಂದಾದರೂ ನಿಜವಲ್ಲ. ಇದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದು ನನ್ನ ಮೇಲಿದ್ದ ಋಣ. ತಡವಾಗಿಯಾದರೂ ಅದನ್ನು ತೀರಿಸಲು ಹೊರಟಿದ್ದೇನೆ.

ಮೊದಲು ಖಡ್ಗದ ವಿಷಯ. ಅದು ತುದಿಯಿಂದ ಹಿಡಿಯ ಕೊನೆಯವರೆಗೆ ಎರಡು ಮೊಳಕ್ಕಿಂತ ತುಸು ಕಡಿಮೆ. ಅಲಗು ಒಂದೇ ಬಾಯಿಯದು, ಹಿಂದಕ್ಕೆ ತುಸುವೇ ಬಾಗಿದುದು. ಬಾಲ್ಯದಲ್ಲಿ ನಾನು ಅದನ್ನು ಕಾಣುತ್ತಿದ್ದುದು ವರ್ಷಕ್ಕೆ ಒಂದೇ ದಿನ. ಮಹಾನವಮಿಯಂದು ನನ್ನ ಸೋದರತ್ತೆಯು ಅದನ್ನು ಪೆಟ್ಟಿಗೆಯಿಂದ ತೆಗೆದು, ತೆಂಗಿನೆಣ್ಣೆಯನ್ನು ಸವರಿ, ಅರಿಸಿನ ಕುಂಕುಮಗಳನ್ನು ಹಚ್ಚಿ ಮಣೆಯ ಮೇಲೆ ಇಡುತ್ತಿದ್ದಳು. ಆ ದಿನ ಭಟ್ಕಳದಿಂದ ಬಾಳೆಲೆಯಲ್ಲಿ ಕಟ್ಟಿದ ಒಂದು ಮಲ್ಲಿಗೆಯ ದಂಡೆಯು ತಪ್ಪದೆ ಬರುತ್ತಿದ್ದಿತು. ಭಟ್ಕಳದ ಮಲ್ಲಿಗೆಗೆ ಮೊದಲಿನಿಂದಲೂ ಹೆಸರು. ಹಬ್ಬಕ್ಕೆ ಹೂವು ತರಿಸುವುದರಲ್ಲಿ ವಿಶೇಷವೇನೆಂದು ನಾನು ವಿಚಾರಿಸಿದವನೇ ಅಲ್ಲ. ಖಡ್ಗವು ಯಾರದೆಂದು ಕೇಳಿದರೆ ನನ್ನ ತಂದೆಯು "ರಾಣಿಯ ಕಾಲದ್ದು" ಎಂದು ಹೇಳಿ ಮಾತು ಮುಗಿಸುತ್ತಿದ್ದನು. ಅತ್ತೆಯು ಏನನ್ನೂ ಹೇಳುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ರಾಣಿಯೆಂದರೆ ಬೇರೆ ಹೆಸರು ಬೇಕಿಲ್ಲ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಕಾಳುಮೆಣಸಿನ ರಾಣಿಯೆಂದು ಕರೆದರು. ಕುಮಟೆಯ ಹತ್ತಿರದ ಮಿರ್ಜಾನಿನ ಕೋಟೆಯನ್ನು ಜನರು ಇಂದಿಗೂ ಅವಳ ಹೆಸರಿನಿಂದಲೇ ನೆನೆಯುತ್ತಾರೆ. ೧೫೪೨ರಲ್ಲಿ ಪೋರ್ತುಗೀಜರು ಭಟ್ಕಳವನ್ನು ಸುಟ್ಟ ಕಥೆಯೂ ನಮ್ಮಲ್ಲಿ ಮಾಸಿಲ್ಲ. ಇಂತಹ ನೆಲದಲ್ಲಿ ಹುಟ್ಟಿದ ಹುಡುಗನಿಗೆ ಮನೆಯಲ್ಲೊಂದು ಹಳೆಯ ಖಡ್ಗವಿದ್ದರೆ, ಅದು ಮತ್ತೆ ಯಾರದಾಗಬೇಕು? ಮೇಲಾಗಿ ಅಲಗಿನ ಒಂದು ಮೈಯ ಮೇಲೆ, ಕಪ್ಪು ಹಿಡಿದ ನೆಲದಲ್ಲಿ, ದುಂಡುದುಂಡಾದ ಅಕ್ಷರಗಳಿದ್ದವು. ನಡುವೆ ೧ ಮತ್ತು ೨ ಎಂದು ಸ್ಪಷ್ಟವಾಗಿ ತೋರುವ ಎರಡು ಅಂಕೆಗಳು. ಅವುಗಳ ಮುಂದೆ ಮಸುಕಾದ ಇನ್ನೆರಡು. ಹನ್ನೆರಡು ನೂರು ಚಿಲ್ಲರೆಯ ಶಕವರ್ಷವೆಂದು ನಾನು ತೀರ್ಮಾನಿಸಿದೆನು. ಶಕ ೧೨೦೦ರಿಂದ ೧೨೯೯ ಎಂದರೆ ಕ್ರಿಸ್ತಶಕ ೧೨೭೮ರಿಂದ ೧೩೭೭. ಇದು ರಾಣಿಯ ಕಾಲಕ್ಕಿಂತ ಎರಡು ಶತಮಾನ ಹಿಂದಿನದಾಯಿತಷ್ಟೆ. ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿದ್ದಿತು: ಖಡ್ಗವು ಅವಳ ಪೂರ್ವಿಕರಿಂದ ಅವಳಿಗೆ ಬಂದಿರಬೇಕು! ನಂಬಲೇಬೇಕೆಂದು ಹೊರಟವನಿಗೆ ಗಣಿತವೂ ಅಡ್ಡ ಬರುವುದಿಲ್ಲ.

ಲೇಖನವನ್ನು ಬರೆಯುವ ಮೊದಲು ನಾನು ಮಾಡಿದ ಕೆಲಸವೊಂದುಂಟು. ಖಡ್ಗವನ್ನು ಹೊಳೆಯುವಂತೆ ಮಾಡಿ ಛಾಯಾಚಿತ್ರ ತೆಗೆಯಿಸಬೇಕೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಕುಮಟೆಯ ಪೇಟೆಗೆ ಹೋದೆನು. ಅಲ್ಲಿ ಸಾಣೆ ಹಿಡಿಯುತ್ತಿದ್ದವನು ಅಲಗನ್ನು ತಿರುವಿ ನೋಡಿ, "ಈ ಕಪ್ಪನ್ನೂ ತೆಗೆಯಬೇಕೋ?" ಎಂದು ಕೇಳಿದನು. ಕಪ್ಪೆಂದರೆ ಕೊಳೆಯೆಂದೇ ನಾನು ತಿಳಿದಿದ್ದೆನು. "ತೆಗೆ, ಬಾಯಿಯನ್ನೂ ಸಮಮಾಡು" ಎಂದೆನು. ಅವನು ಸಂದೇಹದಿಂದ ಇನ್ನೊಮ್ಮೆ ಕೇಳಿದನು. ನಾನು ಇನ್ನೊಮ್ಮೆ ಹಾಗೆಯೇ ಹೇಳಿದೆನು. ಅರ್ಧ ಗಳಿಗೆಯಲ್ಲಿ ಅಲಗಿನ ಮುಂದಿನ ಎರಡು ಪಾಲು ಕನ್ನಡಿಯಂತಾಯಿತು. ಹಿಡಿಯ ಬಳಿಯ ಒಂದು ಗೇಣಿಗೆ ಚಕ್ರವು ಸರಿಯಾಗಿ ತಾಗಲಿಲ್ಲವಾದ ಕಾರಣ ಅಷ್ಟು ಮಾತ್ರ ಕಪ್ಪಾಗಿಯೇ ಉಳಿಯಿತು. ಅದಕ್ಕಾಗಿ ಆ ದಿನ ನಾನು ಅಸಮಾಧಾನಪಟ್ಟಿದ್ದೆನು. ಈಗ ಉಳಿದಿರುವುದು ಅದೊಂದು ಗೇಣು ಮಾತ್ರ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನನ್ನ ಸಿದ್ಧಾಂತವನ್ನು ಯಾರೂ ಅಲುಗಿಸಲಿಲ್ಲ. ೨೦೧೩ರಲ್ಲಿ, ಶಾಸನಗಳ ಅಭ್ಯಾಸದಲ್ಲಿ ತಲೆ ನೆರೆತ ಧಾರವಾಡದ ಹಿರಿಯರೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದರು. ನಾನು ಹೆಮ್ಮೆಯಿಂದ ಖಡ್ಗವನ್ನು ಅವರ ಮುಂದಿಟ್ಟೆನು. ಅವರು ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಇದು ಕನ್ನಡವಲ್ಲ, ಯಾವ ಕಾಲದ ಕನ್ನಡವೂ ಅಲ್ಲ. ಆದರೆ ಕನ್ನಡದ ದೂರದ ನಂಟ. ನನಗೆ ಬ್ರಹ್ಮದೇಶದ ಲಿಪಿಯಂತೆ ತೋರುತ್ತದೆ" ಎಂದರು. ನನಗೆ ಊಟ ಸೇರಲಿಲ್ಲ.

ಅವರು ಹೇಳಿದುದರಲ್ಲಿ ಅಸಂಭವವಾದುದು ಏನೂ ಇರಲಿಲ್ಲ. ಕನ್ನಡ ಲಿಪಿಗೂ ಬ್ರಹ್ಮದೇಶದ ಲಿಪಿಗೂ ಮೂಲವು ಬ್ರಾಹ್ಮಿಯೇ. ದಕ್ಷಿಣ ಭಾರತದ ಲಿಪಿಯು ಸಮುದ್ರವನ್ನು ದಾಟಿ ಮೋನ್ ಜನರ ಕೈಗೆ ಸೇರಿ, ಅವರಿಂದ ಬರ್ಮೀ ಜನರಿಗೆ ಬಂದಿತು. ಓಲೆಗರಿಯ ಮೇಲೆ ಕಂಟದಿಂದ ಉದ್ದ ಗೆರೆಯನ್ನು ಎಳೆದರೆ ಗರಿಯು ಸೀಳುವುದರಿಂದ, ಅಲ್ಲಿಯೂ ಇಲ್ಲಿಯೂ ಅಕ್ಷರಗಳು ದುಂಡಾದವೆಂದು ಹೇಳುವುದುಂಟು. ಅವರ ಸೊನ್ನೆಯು ನಮ್ಮ ಸೊನ್ನೆಯೇ. ಅವರ ಒಂದು, ಎರಡುಗಳನ್ನು ನೋಡಿದರೆ ನಮ್ಮವರು ಮೋಸಹೋಗುವುದು ಸಹಜ. ನಾನು ಹಾಗೆಯೇ ಮೋಸಹೋಗಿದ್ದೆನು.

ಅಕ್ಷರಗಳಿರಲಿ, ಖಡ್ಗದ ಕಟ್ಟೇ ಸತ್ಯವನ್ನು ಕೂಗಿ ಹೇಳುತ್ತಿದ್ದಿತು. ನಮ್ಮ ದೇಶದ ಖಡ್ಗಗಳಿಗೆ ಸಾಮಾನ್ಯವಾಗಿ ಹಿಡಿಗೂ ಅಲಗಿಗೂ ನಡುವೆ ಕೈಯನ್ನು ಕಾಯುವ ಅಡ್ಡಪಟ್ಟಿಯಿರುತ್ತದೆ. ಹಿಡಿಯ ತುದಿಗೆ ಬಿಲ್ಲೆಯಿರುತ್ತದೆ. ನಮ್ಮ ಮನೆಯ ಖಡ್ಗಕ್ಕೆ ಇವೆರಡೂ ಇಲ್ಲ. ಹಿಡಿಯು ಕೊಳಲಿನಂತೆ ದುಂಡಗೆ, ಉದ್ದವಾಗಿ, ತೆಳುವಾದ ಬೆಳ್ಳಿಯ ತಗಡಿನಿಂದ ಮುಚ್ಚಲ್ಪಟ್ಟಿದೆ. ಅಲಗಿನ ಬಾಲವು ಗಿಡ್ಡವಾಗಿದ್ದು ಹಿಡಿಯೊಳಗೆ ಅರಗಿನಿಂದ ಕೂಡಿಸಲ್ಪಟ್ಟಿದೆ. ಒರೆಯು ಎರಡು ಮರದ ಸೀಳುಗಳನ್ನು ಮುಖಕ್ಕೆ ಮುಖವಿಟ್ಟು ಪಟ್ಟಿಗಳಿಂದ ಬಿಗಿದುದು. ಅದನ್ನು ಸೊಂಟಕ್ಕೆ ಸಿಗಿಸದೆ ಹೆಗಲಿನಿಂದ ಹುರಿಯಲ್ಲಿ ಇಳಿಬಿಡುತ್ತಾರೆ. ಬ್ರಹ್ಮದೇಶದಲ್ಲಿ ಇದಕ್ಕೆ ಧಾ ಎಂದು ಹೆಸರು. ನಮ್ಮಲ್ಲಿ ಕತ್ತಿಯೆಂಬ ಮಾತು ಹೇಗೋ ಅಲ್ಲಿ ಈ ಮಾತು ಹಾಗೆ: ಅಡಿಗೆಮನೆಯ ಚೂರಿಯಿಂದ ಅರಸನ ಖಡ್ಗದವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಇವುಗಳಲ್ಲಿ ಕೆಲವಕ್ಕೆ ಅಲಗಿನ ಕಬ್ಬಿಣದ ಮೈಯನ್ನು ಒರಟುಮಾಡಿ, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಸುತ್ತಲಿನ ನೆಲವನ್ನು ಕಪ್ಪುಗೊಳಿಸಿ, ಚಿತ್ರಗಳನ್ನೂ ಬರಹವನ್ನೂ ಮೂಡಿಸುತ್ತಿದ್ದರು. ನಾನು ಕೊಳೆಯೆಂದು ತೆಗೆಯಿಸಿದ ಕಪ್ಪು ಆ ನೆಲವೇ ಆಗಿದ್ದಿತು. ಅದರೊಡನೆ ಬೆಳ್ಳಿಯೂ ಸಾಣೆಯ ಧೂಳಿನಲ್ಲಿ ಹೋಯಿತು.

ಮರುವರ್ಷ ಬೆಂಗಳೂರಿನ ವಿಹಾರವೊಂದರಲ್ಲಿ ಇದ್ದ ಬ್ರಹ್ಮದೇಶದ ಭಿಕ್ಷುವಿಗೆ ಉಳಿದ ಗೇಣಿನ ಚಿತ್ರಗಳನ್ನು ತೋರಿಸಿದೆನು. ಅವರು ಮೊದಲು ಅಂಕೆಗಳನ್ನು ಓದಿದರು. ಅವು ಶಕವರ್ಷದವಲ್ಲ, ಬ್ರಹ್ಮದೇಶದ ಸಕ್ಕರಾಜ ಎಂಬ ವರ್ಷಗಣನೆಯವು. ಅದು ಕ್ರಿಸ್ತಶಕ ೬೩೮ರಿಂದ ಮೊದಲಾಗುತ್ತದೆ. ಆದುದರಿಂದ ಹನ್ನೆರಡು ನೂರು ಚಿಲ್ಲರೆಯೆಂದರೆ ೧೮೩೮ರಿಂದ ೧೯೩೭ರೊಳಗಣ ಕಾಲ. ಕೊನೆಯ ಎರಡು ಅಂಕೆಗಳಿದ್ದರೆ ಖಡ್ಗವು ಹುಟ್ಟಿದ ವರ್ಷವನ್ನೇ ಹೇಳಬಹುದಾಗಿದ್ದಿತು; ಸಾಣೆಗೆ ಮೊದಲು ಅವು ಮಸುಕಾಗಿಯಾದರೂ ಇದ್ದವು. ಬಳಿಕ ಅವರು ಸಾಣೆಯ ಅಂಚಿಗೆ ತಾಗಿ ಉಳಿದ ಒಂದು ಶಬ್ದವನ್ನು ಓದಿ "ಮೌಂಗ್" ಎಂದರು. ತಮ್ಮ ಎಂದು ಅದರ ಅರ್ಥ; ಗಂಡಸರ ಹೆಸರಿನ ಹಿಂದೆ ಹಚ್ಚುವ ಮಾತು. ಇಂತಹ ಖಡ್ಗಗಳ ಮೇಲೆ ಮಾಡಿದವನ ಹೆಸರಿರುವುದು ವಾಡಿಕೆ. "ಮುಂದೆ ಹೆಸರು ಇದ್ದಿರಬೇಕು. ಯಾರು ಅಳಿಸಿದರು?" ಎಂದು ಅವರು ಸಹಜವಾಗಿ ಕೇಳಿದರು. ನಾನೇ ಎಂದು ಹೇಳಿದೆನು. ಒಬ್ಬ ಕುಶಲಕರ್ಮಿಯು ತನ್ನ ಗುರುತೆಂದು ಈ ಲೋಕದಲ್ಲಿ ಬಿಟ್ಟುಹೋದ ಹೆಸರನ್ನು, ಇನ್ನೊಂದು ದೇಶದಲ್ಲಿ, ಒಂದು ಛಾಯಾಚಿತ್ರದ ಆಸೆಗಾಗಿ ನಾನು ಅಳಿಸಿಹಾಕಿದ್ದೆನು.

ಇಷ್ಟಾದರೂ ನನ್ನ ಬುದ್ಧಿಯು ತಿದ್ದಲಿಲ್ಲವೆಂಬುದನ್ನು ಮುಚ್ಚಿಡಲಾರೆನು. ೧೮೮೫ರಲ್ಲಿ ಇಂಗ್ಲಿಷರು ಮಂಡಲೆಯನ್ನು ಹಿಡಿದು ಬ್ರಹ್ಮದೇಶದ ಕೊನೆಯ ಅರಸನಾದ ಥೀಬಾನನ್ನು ಸೆರೆಯಲ್ಲಿ ತಂದು, ಮರುವರ್ಷದಿಂದ ನಮ್ಮದೇ ಕರಾವಳಿಯ ರತ್ನಾಗಿರಿಯಲ್ಲಿ ಇಟ್ಟರು. ಅವನು ೧೯೧೬ರಲ್ಲಿ ಅಲ್ಲಿಯೇ ತೀರಿಕೊಂಡನು. ರತ್ನಾಗಿರಿಗೂ ಹೊನ್ನಾವರಕ್ಕೂ ಹಡಗುಗಳ ಓಡಾಟವಿದ್ದಿತು. ಹಾಗಾದರೆ ಈ ಖಡ್ಗವು ಆ ಅರಸನದೇಕೆ ಆಗಿರಬಾರದು? ರಾಣಿಯು ಕೈಬಿಟ್ಟ ಕೂಡಲೆ ನಾನು ಅರಸನ ಕೈ ಹಿಡಿದಿದ್ದೆನು! ಭಿಕ್ಷುವು ನಕ್ಕು, "ಅರಸನ ಖಡ್ಗಕ್ಕೆ ಚಿನ್ನವಿರುತ್ತದೆ, ರತ್ನವಿರುತ್ತದೆ. ಇದು ಉಡುಗೊರೆ ಕೊಡಲು, ಮಾರಲು ಮಾಡಿದ್ದು. ಆದರೆ ಒಳ್ಳೆಯ ಕೈಯ ಕೆಲಸ" ಎಂದರು.

ಇನ್ನು ಉಳಿದುದನ್ನಾದರೂ ಉಳಿಸಿಕೊಳ್ಳಬೇಕಾಗಿದ್ದಿತು. ನಮ್ಮ ಕಡೆಯ ಉಪ್ಪುಗಾಳಿಗೆ ಕಬ್ಬಿಣವು ಬಾಳುವುದು ಕಷ್ಟ; ಅದಕ್ಕೆ ಭಕ್ತಿಯೂ ನೆರವಾಗಿದ್ದಿತು. ವರ್ಷವರ್ಷವೂ ಸವರಿದ ತೆಂಗಿನೆಣ್ಣೆಯು ಕನರಿ ಹುಳಿಯಾಗಿ, ಕುಂಕುಮವು ತೇವವನ್ನು ಹಿಡಿದುಕೊಂಡು, ಅವುಗಳ ಕೆಳಗೆ ತುಕ್ಕು ಗೂಡುಕಟ್ಟಿದ್ದಿತು. ಒರೆಯ ಒಂದು ಸೀಳನ್ನು ಗೆದ್ದಲು ತಿಂದು ತೀರಿಸಿದ್ದಿತು. ಕುಮಟೆ, ಹೊನ್ನಾವರಗಳಲ್ಲಿ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರಿದ್ದಾರೆ. ಅವರಲ್ಲಿ ಒಬ್ಬ ಹಿರಿಯನಲ್ಲಿಗೆ ಹೋದೆನು. ಅವನು ಹುಳಿಯನ್ನಾಗಲಿ ಮರಳಿನ ಕಾಗದವನ್ನಾಗಲಿ ಮುಟ್ಟಗೊಡಲಿಲ್ಲ. ತೆಳುವಾದ ಯಂತ್ರದ ಎಣ್ಣೆಯನ್ನು ಸವರಿ ದಿನಗಟ್ಟಲೆ ನೆನೆಯಬಿಟ್ಟು, ಬಿದಿರಿನ ಕಡ್ಡಿಯಿಂದ ಕೆಂಪು ತುಕ್ಕನ್ನು ಮಾತ್ರ ಬಿಡಿಸಿದನು. ಕಪ್ಪು ನೆಲದ ಬಳಿ ಬಂದಾಗ ಉಸಿರು ಬಿಗಿಹಿಡಿದು ಕೆಲಸ ಮಾಡಿದನು. ಕೊನೆಗೆ ಜೇನುಮೇಣವನ್ನು ತೆಳುವಾಗಿ ಬಳಿದನು. ಒರೆಯ ಹೋದ ಸೀಳನ್ನು ಶಿವನೆಯ ಮರದಲ್ಲಿ ಹೊಸದಾಗಿ ಮಾಡಿಕೊಟ್ಟನು, ಆದರೆ ಬಣ್ಣ ಹಚ್ಚಲಿಲ್ಲ. "ಹಳೆಯದರ ಹಾಗೆಯೇ ಮಾಡಬಹುದು, ಮಾಸ್ತರರೇ. ಆದರೆ ನಾಳೆ ಯಾರಾದರೂ ನನ್ನದನ್ನು ಅವನದೆಂದು ತಿಳಿದರೆ ಅದು ಕಳ್ಳತನವಾಗುತ್ತದೆ" ಎಂದನು. ಇಷ್ಟು ವರ್ಷ ಪುಸ್ತಕ ಓದಿದ ನನಗಿಲ್ಲದ ವಿವೇಕವು ಅವನಿಗಿದ್ದಿತು.

ಅಲಗನ್ನು ಹಿಂದಿರುಗಿಸುವಾಗ ಅವನು ಇನ್ನೊಂದು ಸಂಗತಿಯನ್ನು ತೋರಿಸಿದನು. ಹಿಡಿಯ ಬಳಿ, ಚಕ್ರವು ತಾಗದೆ ಉಳಿದ ಬಾಯಿಯಲ್ಲಿ, ಎರಡು ಕಚ್ಚುಗಳಿದ್ದವು. "ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬಾಯಿ ಹಾರಿಹೋಗುತ್ತದೆ. ಇಲ್ಲಿ ನೋಡಿ, ಹಾರಿಲ್ಲ, ಮಡಿಚಿದೆ. ಈ ಅಲಗು ಮೆತ್ತಗಿನದು, ತೋರಿಕೆಗೆ ಮಾಡಿದ್ದು. ಇದರಲ್ಲಿ ಯಾರೋ ಬಿದಿರು ಕಡಿದಿದ್ದಾರೆ" ಎಂದನು. ಪೋರ್ತುಗೀಜರ ಟೊಪ್ಪಿಗೆಗಳು ಹೀಗೆ ಬಿದಿರಿನ ಗಂಟುಗಳಾದವು.

ಈಗ ಅತ್ತೆಗೆ ಹೇಳುವುದು ಉಳಿಯಿತು. ಅವಳಿಗೆ ಆಗ ಎಂಬತ್ತು ವರ್ಷ. ಜೀವಮಾನವೆಲ್ಲ ರಾಣಿಯ ಖಡ್ಗವೆಂದು ಪೂಜಿಸಿದ ಮುದುಕಿಯ ನಂಬಿಕೆಯನ್ನು ಕೆಡಿಸುವುದು ಯಾವ ನ್ಯಾಯವೆಂದು ಹಲವು ತಿಂಗಳು ಹಿಂಜರಿದೆನು. ೨೦೧೫ರ ಮಹಾನವಮಿಯ ಹಿಂದಿನ ದಿನ, ಅವಳ ಬಳಿ ಕುಳಿತು, "ಅತ್ತೆ, ಇದು ರಾಣಿಯದಲ್ಲ. ಬ್ರಹ್ಮದೇಶದ್ದು" ಎಂದೆನು.

ಅವಳು ಹೂವು ಕಟ್ಟುವುದನ್ನು ನಿಲ್ಲಿಸದೆ, "ನನಗೆ ಗೊತ್ತಿಲ್ಲವೇ, ತಮಾ? ತಂದವನು ನನ್ನ ಅಪ್ಪ" ಎಂದಳು.

ಅವಳು ಹೇಳಿದ ವೃತ್ತಾಂತವನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಹುಬ್ಬಳ್ಳಿಗೆ ರೈಲು ಬಂದ ಮೇಲೆ ಕುಮಟೆಯ ಬಂದರಿನ ಅರಳೆಯ ವ್ಯಾಪಾರವು ಇಳಿದುಹೋಗಿ, ಈ ತೀರದ ಅನೇಕರು ಅನ್ನಕ್ಕಾಗಿ ಊರು ಬಿಟ್ಟರು. ನನ್ನ ಅಜ್ಜನು ಮುಂಬಯಿಗೆ ಹೋಗಿ, ಅಲ್ಲಿಂದ ರಂಗೂನಿಗೆ ಹೋಗಿ ಅಕ್ಕಿಯ ಗಿರಣಿಯೊಂದರಲ್ಲಿ ಕಾರಕೂನನಾದನು. ೧೯೩೧ರ ಜನಗಣತಿಯಲ್ಲಿ ಆ ನಗರದ ಅರ್ಧಕ್ಕಿಂತ ಹೆಚ್ಚು ಜನರು ಭಾರತೀಯರೇ ಆಗಿದ್ದರು. ಅಲ್ಲಿ ಅವನಿಗೆ ಭಟ್ಕಳದ ನವಾಯತ ಮನೆತನದ ಒಬ್ಬ ಬಟ್ಟೆಯ ವ್ಯಾಪಾರಿಯು ಗೆಳೆಯನಾದನು. ಪರದೇಶದಲ್ಲಿ ಭಟ್ಕಳವೂ ಹೊನ್ನಾವರವೂ ಒಂದೇ ಊರು. ಖಡ್ಗವು ಆ ಗೆಳೆಯನದು. ಯಾರೋ ಸಾಲಕ್ಕೆ ಬದಲಾಗಿ ಕೊಟ್ಟುದನ್ನು ಅವನು ಅಂಗಡಿಯ ಗೋಡೆಗೆ ತೂಗುಹಾಕಿದ್ದನು.

೧೯೪೧ರ ದಶಂಬರ ೨೩ರಂದು ಜಪಾನಿಯರು ರಂಗೂನಿನ ಮೇಲೆ ಬಾಂಬುಗಳನ್ನು ಹಾಕಿದರು. ಹಡಗಿನಲ್ಲಿ ಸ್ಥಳ ಸಿಕ್ಕದವರು ನಡೆದೇ ಹೊರಟರು. ಆ ಕೆಲವು ತಿಂಗಳುಗಳಲ್ಲಿ ಲಕ್ಷಗಟ್ಟಲೆ ಭಾರತೀಯರು ಬ್ರಹ್ಮದೇಶವನ್ನು ಬಿಟ್ಟರು. ಹತ್ತಾರು ಸಾವಿರ ಜನರು ದಾರಿಯಲ್ಲಿಯೇ ತೀರಿಕೊಂಡರು. ಗೆಳೆಯರಿಬ್ಬರೂ ಪ್ರೋಮಿನಿಂದ ಅರಕಾನದ ಗುಡ್ಡಗಳನ್ನು ದಾಟುವ ದಾರಿಯನ್ನು ಹಿಡಿದರು. ಆ ದಾರಿಯಲ್ಲಿ ನೀರಿಲ್ಲ, ಕಾಲರಾ ಬೇನೆಯಿದ್ದಿತು. ಬೇನೆಯು ಭಟ್ಕಳದವನಿಗೆ ತಗಲಿತು. ಅಜ್ಜನು ಆ ಖಡ್ಗದಿಂದಲೇ ಬಿದಿರನ್ನು ಕಡಿದು, ಡೋಲಿಯನ್ನು ಕಟ್ಟಿ, ಇನ್ನೊಬ್ಬ ದಾರಿಗನ ಕೈಕಾಲು ಹಿಡಿದು ಒಪ್ಪಿಸಿ, ಎರಡು ದಿನ ಅವನನ್ನು ಹೊತ್ತನು. ಮೂರನೆಯ ದಿನ ದಾರಿಗನು ತನ್ನ ಮಕ್ಕಳೊಡನೆ ಮುಂದೆ ಹೋದನು. ಅಜ್ಜನಿಗೂ ಜ್ವರ. ಗೆಳೆಯನೇ, "ನೀನಾದರೂ ಹೋಗು, ಎರಡು ಮನೆಗೂ ಸುದ್ದಿ ಹೇಳುವವನು ಬೇಕು" ಎಂದನಂತೆ. ಅಜ್ಜನು ತಂಬಿಗೆಯ ನೀರನ್ನು ಅವನ ಕೈಗೆ ಸಿಕ್ಕುವಂತೆ ಇಟ್ಟು, ಉಸಿರಿರುವಾಗಲೇ ಅವನನ್ನು ಬಿಟ್ಟು ಬಂದನು.

೧೯೪೨ರ ಯುಗಾದಿ ಕಳೆದ ಮೇಲೆ ಒಂದು ದಿನ, ಶರಾವತಿಯನ್ನು ದಾಟುವ ದೋಣಿಯಲ್ಲಿ ಅವನನ್ನು ಕಂಡೆವೆಂದು ಯಾರೋ ಓಡಿಬಂದು ಹೇಳಿದರು. ಅವನು ಉತ್ತರದಿಂದ ಬಂದು, ತನ್ನ ಮನೆಯ ಬಾಗಿಲನ್ನು ಹಾದು, ಒಳಗೆ ಕಾಲಿಡದೆ, ನದಿಯನ್ನು ದಾಟಿ ಭಟ್ಕಳಕ್ಕೆ ನಡೆದಿದ್ದನು. ಏಳು ವರ್ಷದ ನನ್ನ ಅತ್ತೆಯು ದಕ್ಕೆಯವರೆಗೂ ಅಳುತ್ತ ಓಡಿದಳು. ಭಟ್ಕಳದಲ್ಲಿ ಅವನು ಏನನ್ನೂ ಮರೆಮಾಡದೆ ಹೇಳಿ, ಖಡ್ಗವನ್ನು ಮುಂದಿಟ್ಟನು. ಗೆಳೆಯನ ಹೆಂಡತಿಯು ಬಾಗಿಲ ಮರೆಯಿಂದ, "ಅದು ಅವರ ಹೆಗಲಿಗೆ ನೆರವಾಗಿತ್ತು, ನಿಮ್ಮಲ್ಲಿಯೇ ಇರಲಿ" ಎಂದು ಹೇಳಿಸಿದಳು. ಆ ವರ್ಷದ ಮಹಾನವಮಿಗೆ ಭಟ್ಕಳದಿಂದ ಮೊದಲ ಮಲ್ಲಿಗೆಯು ಬಂದಿತು. ಆಕೆ ಬದುಕಿರುವವರೆಗೂ ಅದು ತಪ್ಪಲಿಲ್ಲ.

"ಅಪ್ಪ ಆ ಮಾತನ್ನು ಮತ್ತೆ ಎತ್ತಲಿಲ್ಲ, ಎತ್ತಗೊಡಲೂ ಇಲ್ಲ. ಮಕ್ಕಳು ಕೇಳಬಾರದೆಂದು ನಿನ್ನ ಅಪ್ಪನು ರಾಣಿಯ ಕಥೆ ಕಟ್ಟಿದನು" ಎಂದಳು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, "ನೀನು ಕುಮಟೆಯಿಂದ ಅದನ್ನು ಹೊಳಪಿಸಿ ತಂದ ದಿನ ಅಪ್ಪ ಕಡಿದ ಗುರುತುಗಳೆಲ್ಲ ಹೋಗಿದ್ದವು. ನೀನು ಅಷ್ಟು ಸಂತೋಷದಲ್ಲಿದ್ದೆ, ಏನು ಹೇಳಲಿ?" ಎಂದಳು.

ನಾನು ಅಲಗನ್ನು ಬೆಳಕಿಗೆ ಹಿಡಿದು, ಉಳಿದ ಎರಡು ಕಚ್ಚುಗಳನ್ನು ಅವಳಿಗೆ ತೋರಿಸಿದೆನು. ಕಣ್ಣು ಮಂದವಾಗಿದ್ದ ಕಾರಣ ಅವಳು ಬೆರಳಿನಿಂದ ಅವುಗಳನ್ನು ತಡವಿ ನೋಡಿದಳು. ಬಹಳ ಹೊತ್ತು ಬೆರಳನ್ನು ತೆಗೆಯಲಿಲ್ಲ.

ಆ ಚಳಿಗಾಲದಲ್ಲಿ ನಾನು ಭಟ್ಕಳಕ್ಕೆ ಹೋಗಿ ಆ ಮನೆಯನ್ನು ಹುಡುಕಿದೆನು. ಕಿರಿಯರೆಲ್ಲರೂ ಅರಬಿಸ್ಥಾನದ ಕಡೆ ದುಡಿಯಲು ಹೋಗಿದ್ದರು; ತಂದೆಯು ದಾರಿಯಲ್ಲಿ ಉಳಿದಾಗ ಆರು ವರ್ಷದವನಾಗಿದ್ದ ಮಗನು ಮುದುಕನಾಗಿ ಮನೆಯಲ್ಲಿದ್ದನು. ಖಡ್ಗವು ನ್ಯಾಯವಾಗಿ ಅವರದೆಂದು ಹೇಳಿ ಮುಂದಿಟ್ಟೆನು. ಅವನು ಅದನ್ನು ಕೈಗೆತ್ತಿಕೊಂಡು, ಕಚ್ಚುಗಳನ್ನು ನೋಡಿ, ಒರೆಗೆ ಸೇರಿಸಿ, "ಅಮ್ಮ ಕೊಟ್ಟ ಮಾತನ್ನು ನಾನು ಹಿಂದೆ ತೆಗೆಯುವುದುಂಟೇ, ಮಾಸ್ತರರೇ? ಅಲ್ಲಿಯೇ ಇರಲಿ. ಆದರೆ ಇದು ಎರಡು ಮನೆಯದೆಂದು ನಿಮ್ಮ ಮಕ್ಕಳಿಗೆ ತಿಳಿಸಿಡಿ" ಎಂದನು.

ಅತ್ತೆಯು ಈಗಿಲ್ಲ. ಹೆಸರುಗಳನ್ನು ಹಾಕದೆ ಬರೆಯೆಂದು ಅವಳು ಅಪ್ಪಣೆ ಕೊಟ್ಟಿದ್ದಳು; ಹಾಗೆಯೇ ಬರೆದಿದ್ದೇನೆ. ಖಡ್ಗವು ಒಣಗಿದ ಪೆಟ್ಟಿಗೆಯಲ್ಲಿದೆ. ಮಹಾನವಮಿಯಂದು ಅದನ್ನು ಹೊರಗಿಡುತ್ತೇವೆ. ಕುಂಕುಮವನ್ನು ಮಣೆಗೆ ಹಚ್ಚುತ್ತೇವೆ, ಕಬ್ಬಿಣಕ್ಕೆ ಹಚ್ಚುವುದಿಲ್ಲ. ಮಲ್ಲಿಗೆಯನ್ನು ಭಟ್ಕಳದಿಂದ ನಾನೇ ತರುತ್ತೇನೆ.

೧೯೭೯ರ ಲೇಖನವನ್ನು ಈ ಮೂಲಕ ಹಿಂದೆ ತೆಗೆದುಕೊಂಡಿದ್ದೇನೆ. ಅದರ ಪ್ರತಿಯನ್ನು ಇಟ್ಟುಕೊಂಡ ವಾಚಕರು ಈ ತಿದ್ದುಪಡಿಯನ್ನೂ ಅದರೊಡನೆ ಇಡಬೇಕೆಂದು ನನ್ನ ಪ್ರಾರ್ಥನೆ. ನಮ್ಮ ತೀರದ ಮನೆಗಳಲ್ಲಿ ಸಮುದ್ರದಾಚೆಯಿಂದ ಬಂದ ಇಂತಹ ವಸ್ತುಗಳು ಇನ್ನೂ ಎಷ್ಟೋ ಇರಬಹುದು. ಅವುಗಳನ್ನು ಉಜ್ಜಿ ಹೊಳಪಿಸುವ ಮೊದಲು, ಪುಸ್ತಕವನ್ನು ತೆರೆಯುವ ಮೊದಲು, ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತು ಕೇಳಿರಿ. ನಾನು ಮೂವತ್ತಾರು ವರ್ಷ ತಡಮಾಡಿದೆನು.